ಹೊಟ್ಟೆ ಒತ್ತಿದರೆ ಹರ್ನಿಯಾ ಕೆಳಗಿಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಬೆನ್ನುನೋವು, ಮಂಡಿನೋವಿನ ಶಿಬಿರಗಳು ನಡೆಯುವುದು ಹೊಸದೇನಲ್ಲ. ಈಚೆಗೆ ಹಯಾಟಸ್ ಹರ್ನಿಯಾದಿಂದ (ಜಠರದ ಭಾಗ ಎದೆಯೊಳಕ್ಕೆ ಏರುವ ತೊಂದರೆ) ಬರುವ ಎದೆಯುರಿ, ಹುಳಿತೇಗುಗಳನ್ನೂ ಕೈಚಿಕಿತ್ಸೆಯಿಂದಲೇ ಗುಣಪಡಿಸುತ್ತೇವೆ, ಮೇಲೇರಿದ ಜಠರವನ್ನು ಎಳೆದು ಅದರ ಜಾಗದಲ್ಲಿ ಕೂರಿಸುತ್ತೇವೆ ಎನ್ನುವ ಕರಪತ್ರಗಳೂ ವಾಟ್ಸ್‌ಆ್ಯಪ್ ಸಂದೇಶಗಳೂ ಮಡಿಕೇರಿಯಿಂದ ಕುಶಾಲನಗರದವರೆಗೆ ಹರಿದಾಡುತ್ತಿವೆ. ಫಿಸಿಯೋಥೆರಪಿ ವೃತ್ತಿಯಲ್ಲಿ ಬಹುಕಾಲ ಕಳೆದ ನನಗೆ ಕೈಚಿಕಿತ್ಸೆಯ ಬಗ್ಗೆ ಗೌರವವಿದೆ. ಆ ಗೌರವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವಿನ ಪರದೆಯಲ್ಲಿ ಒಂದು ಕಿಂಡಿಯಿದೆ. ಅದರ ಮೂಲಕವೇ ಅನ್ನನಾಳ ಇಳಿದು ಜಠರವನ್ನು ಸೇರುತ್ತದೆ. ಅನ್ನನಾಳದ ತುದಿಯ ಬಿಗಿಸ್ನಾಯುವೂ ಅದನ್ನು ಹೊರಗಿನಿಂದ ಬಳಸಿರುವ ವಪೆಯ ಎಳೆಗಳೂ ಒಂದೇ ಮಟ್ಟದಲ್ಲಿದ್ದು ಜೊತೆಯಾಗಿ ಬಿಗಿಹಿಡಿಯುವುದರಿಂದಲೇ, ಬಗ್ಗಿ ಕಾಫಿ ಮೂಟೆ ಎತ್ತಿದಾಗಲೂ ಜಠರದ ಆಮ್ಲ ಮೇಲಕ್ಕೆ ನುಗ್ಗುವುದಿಲ್ಲ. ವಯಸ್ಸು, ಬೊಜ್ಜು, ಬಸಿರು, ಬಿಡದ ಕೆಮ್ಮು ಮುಂತಾದ ಕಾರಣಗಳಿಂದ ಕಿಂಡಿ ಸಡಿಲವಾಗಿ ಜಠರದ ಮೇಲ್ಭಾಗ ಎದೆಯೊಳಕ್ಕೆ ಜಾರಿದಾಗ ಈ ಎರಡು ಬಿಗಿತಗಳು ಬೇರೆಬೇರೆಯಾಗುತ್ತವೆ. ನಡುವೆ ಉಳಿಯುವ ಚೀಲದಲ್ಲಿ ಆಮ್ಲ ನಿಂತು, ಮಲಗಿದಾಗ ಗಂಟಲಿಗೆ ಬರುತ್ತದೆ. ಹಯಾಟಸ್ ಹರ್ನಿಯಾಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಹೀಗೆ ಜಾರುವ ಬಗೆಯವೇ.

ಆ ಕಿಂಡಿ ಇರುವುದು ಬೆನ್ನುಮೂಳೆಯ ಮುಂದೆ, ಯಕೃತ್ತಿನ ಎಡಭಾಗದ ಹಿಂದೆ. ಎದೆಮೂಳೆಯ ಕೆಳಗೆ ಎಷ್ಟೇ ಒತ್ತಿದರೂ ಬೆರಳು ಅಲ್ಲಿಗೆ ತಲುಪುವುದಿಲ್ಲ. ಒಂದು ವೇಳೆ ಜಠರ ಕೆಳಗಿಳಿದರೂ ಸಡಿಲಾದ ಕಿಂಡಿಯನ್ನು ಕೈ ಬಿಗಿಯಲಾರದು. ಮುಂದಿನ ಕೆಮ್ಮಿಗೆ ಅದು ಮತ್ತೆ ಮೇಲೇರುತ್ತದೆ. ಇನ್ನೊಂದು ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಚಿಕ್ಕ ಜಾರು ಹರ್ನಿಯಾ ಉಸಿರಾಟಕ್ಕೂ ನುಂಗುವಿಕೆಗೂ ತಕ್ಕಂತೆ ತಾನಾಗಿಯೇ ಮೇಲೆ ಕೆಳಗೆ ಸರಿಯುತ್ತಿರುತ್ತದೆ. ಆದ್ದರಿಂದ ಒಂದು ಎಂಡೋಸ್ಕೋಪಿಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದಿರಬಹುದು. ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು 'ನೋಡಿ, ನಮ್ಮ ಚಿಕಿತ್ಸೆಯಿಂದ ಹರ್ನಿಯಾ ಮಾಯವಾಯಿತು' ಎಂದು ತೋರಿಸುವುದು ಬಹಳ ಸುಲಭ.

ಹಾಗೆಂದು ಇದೆಲ್ಲವೂ ಬೊಗಳೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಬಟ್ಟಿ ಬಿದ್ದಿದೆಯೆಂದು ಎಣ್ಣೆ ಹಚ್ಚಿ ಹೊಟ್ಟೆ ನೀವಿಸಿಕೊಂಡ ನಮ್ಮ ಹಿರಿಯರಲ್ಲಿ ಹಲವರಿಗೆ ಹಾಯೆನಿಸಿದ್ದು ಸುಳ್ಳಲ್ಲ. ಸ್ಪೇನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೋರಿಕೆಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಆಸ್ಟಿಯೋಪಥಿ (ಮೈಯನ್ನು ಕೈಯಿಂದ ಒತ್ತಿ, ನೀವಿ ಮಾಡುವ ಪದ್ಧತಿ) ಕೈಚಿಕಿತ್ಸೆ ಪಡೆದವರ ಲಕ್ಷಣಗಳು ಒಂದು ವಾರದ ಬಳಿಕ ಕಡಿಮೆಯಾಗಿದ್ದವು. ಆದರೆ ಒಂದು ವಾರದ ನೆಮ್ಮದಿ ಬೇರೆ, ಹರ್ನಿಯಾ ಗುಣವಾಗುವುದು ಬೇರೆ. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಆಸ್ಟ್ರಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ. ಅದರಲ್ಲಿದ್ದವರು ಕೇವಲ 19 ಮಂದಿ, ನಿಜ. ಆದರೆ ನಾಲ್ಕು ವಾರ ಹೊಟ್ಟೆಯುಸಿರಾಟ ಕಲಿತು ಅಭ್ಯಾಸ ಮಾಡಿದವರ ಅನ್ನನಾಳದಲ್ಲಿ ಆಮ್ಲ ಇರುವ ಅವಧಿ ಇಳಿದದ್ದನ್ನು ಉಪಕರಣದಿಂದಲೇ ಅಳೆದರು. ಒಂಬತ್ತು ತಿಂಗಳ ನಂತರವೂ ಅಭ್ಯಾಸ ಬಿಡದವರಿಗೆ ಮಾತ್ರೆಯ ಅಗತ್ಯ ತಗ್ಗಿತ್ತು. ವಪೆಯೂ ಒಂದು ಸ್ನಾಯುವಾದ್ದರಿಂದ ತೋಳು ತೊಡೆಗಳಂತೆ ಅದನ್ನೂ ಪಳಗಿಸಬಹುದೆಂಬುದು ಇದರ ಹಿಂದಿನ ವಿಚಾರ. ಇದನ್ನು ಕಲಿಸುವವರ ಕೈ ಬೇಕಾಗುವುದು ಪಕ್ಕೆಲುಬಿನ ಮೇಲಿಟ್ಟು ಉಸಿರು ಎಲ್ಲಿಗೆ ಹೋಗಬೇಕೆಂದು ತೋರಿಸಲು. ಅದಕ್ಕೆ ಸಾವಿರಾರು ರೂಪಾಯಿಯ ಪ್ಯಾಕೇಜ್ ಬೇಕಿಲ್ಲ.

ನನ್ನನ್ನು ನಿಜವಾಗಿ ಕಳವಳಗೊಳಿಸಿದ್ದು ಆ ಪ್ರಚಾರದಲ್ಲಿರುವ 'ಮೊದಲು ಮಾತ್ರೆ ನಿಲ್ಲಿಸಿ ಬನ್ನಿ' ಎಂಬ ಸಾಲು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್ ಮಾತ್ರೆಗಳನ್ನು ಬಹುಕಾಲ ನುಂಗುತ್ತಿದ್ದವರು ಥಟ್ಟನೆ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚಾಗಿ ಒಸರುವುದುಂಟು. ಅನ್ನನಾಳದಲ್ಲಿ ಹುಣ್ಣಿದ್ದವರಿಗೆ ಇದು ಅಪಾಯ. ಜಠರ ಅನ್ನನಾಳದ ಪಕ್ಕದಿಂದ ಮೇಲೇರಿದ ದೊಡ್ಡ ಹರ್ನಿಯಾ ತಿರುಚಿಕೊಂಡು ರಕ್ತಸಂಚಾರ ನಿಂತುಹೋಗುವ ಸಂಭವವಿದ್ದು, ಅಂಥವರ ಹೊಟ್ಟೆಯನ್ನು ಬಲವಾಗಿ ಒತ್ತಲೇಬಾರದು. ಅವರು ಕಾಣಬೇಕಾದದ್ದು ಶಸ್ತ್ರಚಿಕಿತ್ಸಕರನ್ನು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ ಇವುಗಳಲ್ಲಿ ಒಂದು ಇದ್ದರೂ ಶಿಬಿರಕ್ಕೆ ಹೋಗದೆ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ಟ್ರಿಕ್ ಎಂದು ಎದೆನೋವನ್ನು ಅಲಕ್ಷಿಸಿ ಹೃದಯಾಘಾತಕ್ಕೆ ತುತ್ತಾಗುವವರು ಇರುವುದರಿಂದ ಎದೆನೋವನ್ನೂ ಈ ಪಟ್ಟಿಗೆ ಸೇರಿಸುತ್ತೇನೆ.

ಮನೆಯಲ್ಲೇ ಮಾಡಬಹುದಾದವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ತೂಕ ಇಳಿಸುವುದು, ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚು ಎತ್ತರ ಕೊಡುವುದು, ಎಡಮಗ್ಗುಲಲ್ಲಿ ಮಲಗುವುದು, ಉಂಡ ಮೇಲೆ ಮೂರು ಗಂಟೆ ಕಳೆಯದೆ ಮಲಗದಿರುವುದು. ಮದುವೆ ಮನೆಯಲ್ಲಿ ರಾತ್ರಿ ಹೊತ್ತುಮೀರಿ ಪಂದಿ ಕರಿ, ಕಡಂಬಟ್ಟು ಉಂಡು ನೇರ ಹಾಸಿಗೆಗೆ ಹೋಗುವ ನಮ್ಮವರಿಗೆ ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಶಿಬಿರ ನಡೆಸುವವರು ಎಂಡೋಸ್ಕೋಪಿ ಅಥವಾ ಬೇರಿಯಂ ಪರೀಕ್ಷೆಯ (ಬೇರಿಯಂ ದ್ರವ ಕುಡಿಸಿ ತೆಗೆಯುವ ಎಕ್ಸ್-ರೇ) ವರದಿ ನೋಡದೆ ಯಾರ ಹೊಟ್ಟೆಯನ್ನೂ ಮುಟ್ಟಬಾರದೆಂದು ಆರೋಗ್ಯ ಇಲಾಖೆ ಸೂಚಿಸಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲೂ ಫಿಸಿಯೋಥೆರಪಿ ಸೇವೆಯಡಿ ವಾರಕ್ಕೊಂದು ದಿನ ಈ ಉಸಿರಾಟದ ಅಭ್ಯಾಸವನ್ನು ಉಚಿತವಾಗಿ ಕಲಿಸಿದರೆ, ಮೈಸೂರು, ಮಂಗಳೂರುಗಳಿಗೆ ಅಲೆಯಲಾಗದ ತೋಟದ ಕಾರ್ಮಿಕರಿಗೂ ಅದು ದೊರೆಯುತ್ತದೆ. ಅಧಿಕಾರಿಗಳು ಇದನ್ನು ಪರಿಶೀಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಓರ್ವ ನಿವೃತ್ತ ಫಿಸಿಯೋಥೆರಪಿಸ್ಟ್, ವಿರಾಜಪೇಟೆ