ಆ ಹಾಡಿನಲ್ಲಿ ಬಾಂಬಿನ ಮಾತೂ ಇದೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಎಂಬತ್ತರ ದಶಕದ ಪಾಪ್ ಹಾಡುಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಆಲ್ಫಾವಿಲ್ ತಂಡದ ‘ಫಾರೆವರ್ ಯಂಗ್’ ಹಾಡನ್ನು ಯೌವನದ ಸಿಹಿ ನೆನಪಿನ ಹಾಡು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸಿಹಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಹಾಡು ಹುಟ್ಟಿದ್ದೇ ಹೆದರಿಕೆಯಲ್ಲಿ, ಅದನ್ನು ಬಿಟ್ಟರೆ ನಲವತ್ತು ವರ್ಷ ಆದಮೇಲೂ ಜನ ಇದನ್ನು ಯಾಕೆ ಕೇಳುತ್ತಿದ್ದಾರೆ ಅನ್ನುವುದು ಗೊತ್ತೇ ಆಗುವುದಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಇದೇ ಹೆಸರಿನಲ್ಲಿ ಬೇರೆ ಹಾಡುಗಳೂ ಇವೆ. ಬಾಬ್ ಡಿಲನ್ 1974ರಲ್ಲಿ ಹಾಡಿದ್ದು ತಂದೆ ಮಗನಿಗೆ ಮಾಡುವ ಆಶೀರ್ವಾದದ ಹಾಗಿದೆ, 1988ರಲ್ಲಿ ರಾಡ್ ಸ್ಟೀವರ್ಟ್ ಹಾಡಿದ್ದೂ ಅದೇ ಜಾಡಿನದು. ಎರಡರಲ್ಲೂ ದೊಡ್ಡವರು ಮಕ್ಕಳಿಗೆ ಒಳ್ಳೆಯದಾಗಲಿ ಅನ್ನುತ್ತಾರೆ. ಆಲ್ಫಾವಿಲ್ ಹಾಡಿನಲ್ಲಿ ಹರಸುವ ದೊಡ್ಡವರು ಯಾರೂ ಇಲ್ಲ. ಹುಡುಗರೇ ಮಾತಾಡುತ್ತಿದ್ದಾರೆ, ಆಕಾಶ ನೋಡಿಕೊಂಡು.

1984ರಲ್ಲಿ ಬಂದ ಹಾಡು ಇದು. ತಂಡ ಪಶ್ಚಿಮ ಜರ್ಮನಿಯ ಮ್ಯೂನ್‌ಸ್ಟರ್‌ನದು. ಮೂವರು ಹುಡುಗರು: ಮರಿಯನ್ ಗೋಲ್ಡ್, ಬರ್ನ್‌ಹಾರ್ಡ್ ಲಾಯ್ಡ್, ಫ್ರಾಂಕ್ ಮೆರ್ಟೆನ್ಸ್. ಆಗ ಆ ದೇಶದ ಪಾಡು ಏನಾಗಿತ್ತು ಅಂದರೆ, ಆ ಕಡೆ ಸೋವಿಯತ್ ಒಕ್ಕೂಟದ ಎಸ್‌ಎಸ್-20 ಅಣು ಕ್ಷಿಪಣಿಗಳು ಯುರೋಪಿನ ಕಡೆ ಮುಖ ಮಾಡಿ ನಿಂತಿದ್ದವು, ಈ ಕಡೆ ಅಮೆರಿಕ ತನ್ನ ಪರ್ಶಿಂಗ್-2 ಕ್ಷಿಪಣಿಗಳನ್ನು ಜರ್ಮನಿಯ ನೆಲದಲ್ಲೇ ಇಡುವುದಕ್ಕೆ ಹೊರಟಿತ್ತು, ಯುದ್ಧ ಅಂತ ಶುರುವಾದರೆ ಮೊದಲು ಸುಟ್ಟು ಹೋಗುವುದು ಮಧ್ಯದಲ್ಲಿರುವ ನಾವೇ ಅಂತ ಅಲ್ಲಿಯ ಜನರಿಗೆ ಚೆನ್ನಾಗಿ ಗೊತ್ತಿತ್ತು. 1983ರ ಅಕ್ಟೋಬರ್ 22ರಂದು ಆಗಿನ ರಾಜಧಾನಿ ಬಾನ್ ನಗರದಲ್ಲಿ ಈ ಕ್ಷಿಪಣಿ ಬೇಡ ಅಂತ ಲಕ್ಷಗಟ್ಟಲೆ ಜನ ಸೇರಿದರು. ಅದೇ ದಿನ ಸ್ಟುಟ್‌ಗಾರ್ಟ್‌ನಿಂದ ನೊಯ್-ಉಲ್ಮ್‌ವರೆಗೆ ಸುಮಾರು 108 ಕಿಲೋಮೀಟರ್ ಉದ್ದಕ್ಕೂ ಕೈಕೈ ಹಿಡಿದು ಮಾನವ ಸರಪಳಿ ಮಾಡಿದರು. ಅದಾಗಿ ಒಂದೇ ತಿಂಗಳಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು, ಕ್ಷಿಪಣಿ ಬಂದೇ ಬಂದವು.

ನಾನು ಕೆಲಸದ ಮೇಲೆ ಕೆಲವು ವರ್ಷ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಆ ಸರಪಳಿಯಲ್ಲಿ ನಿಂತವರು, ಆಗ ಅವರಿನ್ನೂ ಹೈಸ್ಕೂಲು ಹುಡುಗಿ. ಒಂದು ಕಡೆ ಅಮ್ಮನ ಕೈ, ಇನ್ನೊಂದು ಕಡೆ ಗುರುತು ಪರಿಚಯ ಇಲ್ಲದ ಮುದುಕರೊಬ್ಬರ ಕೈ. ಆ ಮುದುಕರು ಕೈಗವಸು ಕಳಚಿ ಜೇಬಿಗಿಟ್ಟುಕೊಂಡು ಆಮೇಲೆ ಇವರ ಕೈ ಹಿಡಿದರಂತೆ. ಊರಲ್ಲಿ ಸೈರನ್ ಪರೀಕ್ಷೆ ಮಾಡಿದ ದಿನ ತರಗತಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅದು ಪರೀಕ್ಷೆ ಅಂತ ಗೊತ್ತಿದ್ದರೂ. ಮಾರನೇ ವರ್ಷ ಈ ಹಾಡು ಬಂತು. ಶಾಲೆಯ ಡ್ಯಾನ್ಸ್ ಕಾರ್ಯಕ್ರಮದಲ್ಲಿ ಇದನ್ನು ಹಾಕಿದರೆ ಎಲ್ಲರೂ ಜೋಡಿ ಜೋಡಿಯಾಗಿ ನಿಧಾನಕ್ಕೆ ಕುಣಿಯುತ್ತಿದ್ದರು, ಬಾಂಬ್ ಹಾಕ್ತೀರೋ ಇಲ್ವೋ ಅಂತ ಕೇಳುವ ಸಾಲು ಬಂದಾಗ ಮಾತ್ರ ಇಡೀ ಹಾಲ್ ಜೋರಾಗಿ ಹಾಡುತ್ತಿತ್ತಂತೆ. ‘ನಮ್ಮ ಪರವಾಗಿ ಯಾರೋ ಕೇಳಿದರಲ್ಲ, ಅದಕ್ಕೆ’ ಅಂದರು.

ಹೌದು, ಆ ಪ್ರಶ್ನೆ ಹಾಡಿನ ಮೊದಲ ಚರಣದಲ್ಲೇ ಇದೆ. ಸ್ವಲ್ಪ ಹೊತ್ತು ಕುಣಿಯೋಣ, ಸ್ವರ್ಗ ಕಾಯಲಿ ಅನ್ನುತ್ತಾರೆ, ಒಳ್ಳೆಯದಾಗಲಿ ಅಂತ ಆಸೆ ಇದೆ ಆದರೆ ಕೆಟ್ಟದ್ದೇ ಆದೀತು ಅನ್ನುತ್ತಾರೆ, ತಕ್ಷಣ ಬಾಂಬಿನ ಮಾತು. ಇನ್ನು ಎಲ್ಲರ ಬಾಯಲ್ಲೂ ಇರುವ ಆ ಪಲ್ಲವಿ. ಅದನ್ನು ಪೂರ್ತಿ ಕೇಳಿ ನೋಡಿ. ಸದಾ ಹರೆಯದಲ್ಲೇ ಇರಬೇಕು ಅಂದ ಮೇಲೆ ಅದೇ ಉಸಿರಿನಲ್ಲಿ, ನಿಜವಾಗಿಯೂ ಎಂದೆಂದಿಗೂ ಬದುಕಬೇಕಾ ನಿನಗೆ ಅಂತ ಕೇಳುತ್ತದೆ. ನಾವು ಆಸೆಯ ಸಾಲು ಹಿಡಿದುಕೊಂಡು ಪ್ರಶ್ನೆಯ ಸಾಲು ಬಿಟ್ಟುಬಿಟ್ಟಿದ್ದೇವೆ. ನನಗೆ ಈ ಹಾಡಿನ ಜೀವ ಇರುವುದು ಅಲ್ಲೇ. ಮುಪ್ಪು ಬೇಡ ಅನ್ನುವವರ ಹಠ ಒಂದು ಕಡೆ, ಮುಪ್ಪಿನವರೆಗೆ ಬದುಕುತ್ತೇವೋ ಇಲ್ಲವೋ ಅನ್ನುವ ಅನುಮಾನ ಇನ್ನೊಂದು ಕಡೆ, ಎರಡೂ ಒಂದೇ ರಾಗದಲ್ಲಿ. ರಾಗವೂ ಹಾಗೇ ಇದೆ, ಸಿಂಥಸೈಜರ್ ಚರ್ಚಿನ ಆರ್ಗನ್ ಥರ ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಮರಿಯನ್ ಗೋಲ್ಡ್ ಚರಣವನ್ನು ಮಾತಾಡಿದ ಹಾಗೆ ಹಾಡಿ ಪಲ್ಲವಿಗೆ ಬಂದಾಗ ಗಂಟಲು ಬಿಚ್ಚುತ್ತಾರೆ. ಮದುವೆ ಮನೆಯಲ್ಲೂ ಹಾಕಬಹುದು, ಸಾವಿನ ಮನೆಯಲ್ಲೂ ಹಾಕಬಹುದು. ಅಂಥ ಹಾಡು ಎಷ್ಟಿವೆ ಹೇಳಿ?

ಅಮೆರಿಕದಲ್ಲಿ ಆಗ ಇದು ಅಷ್ಟೇನೂ ಓಡಲಿಲ್ಲ. ಆದರೂ ಅಲ್ಲಿಯ ಶಾಲೆಗಳ ಬೀಳ್ಕೊಡುಗೆ ಡ್ಯಾನ್ಸಿಗೆ ಇದೇ ಬೇಕು ಅನ್ನುವಷ್ಟು ಬೇರು ಬಿಟ್ಟಿತು. 2009ರಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಜೇ-ಝೀ ಇದನ್ನೇ ಇಟ್ಟುಕೊಂಡು ‘ಯಂಗ್ ಫಾರೆವರ್’ ಮಾಡಿದರು, ಅದರಲ್ಲಿ ಗಾಯಕ ಮಿಸ್ಟರ್ ಹಡ್ಸನ್ ಹಾಡುವ ಭಾಗದಲ್ಲಿ ಬಾಂಬಿನ ಸಾಲು ಹಾಗೇ ಉಳಿದಿದೆ. ಆ ಹೊತ್ತಿಗೆ ಜರ್ಮನಿ ಒಂದಾಗಿ ಎಷ್ಟೋ ವರ್ಷ ಆಗಿತ್ತು. ಆದರೂ ಆ ಸಾಲು ತೆಗೆಯಲಿಲ್ಲ, ತೆಗೆದರೆ ಹಾಡು ಸಪ್ಪೆಯಾಗುತ್ತದೆ ಅಂತ ಅವರಿಗೂ ಗೊತ್ತಿತ್ತು ಅಂತ ನನ್ನ ನಂಬಿಕೆ.

ಈಗ ನಮ್ಮ ಕಡೆಯೂ ಕಾಲೇಜು ಫೇರ್‌ವೆಲ್ ವಿಡಿಯೊಗಳಿಗೆ ಇದನ್ನು ಹಾಕುತ್ತಾರೆ. ನನ್ನ ಅಣ್ಣನ ಮಗಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದಳು, ಅವರ ವಿಡಿಯೊದಲ್ಲೂ ಇತ್ತು. ಸೀರೆ ಉಟ್ಟ ಹುಡುಗಿಯರು, ಕ್ಯಾಂಟೀನ್ ಕಟ್ಟೆ, ಹಿಂದೆ ಈ ಪಲ್ಲವಿ. ನೋಡಿ ಕಣ್ಣು ತುಂಬಿ ಬಂತು. ಕ್ಯಾಂಪಸ್ಸಿನಲ್ಲಿ ಕೆಲಸ ಆಗದವರು ಆ ಫ್ರೇಮಿನಲ್ಲೇ ನಗುತ್ತಾ ನಿಂತಿದ್ದರು, ನಾಳೆ ಏನು ಅಂತ ಅವರಿಗೂ ಗೊತ್ತಿಲ್ಲ. ಅವರ ಹೆದರಿಕೆ ಬೇರೆ, ಆದರೆ ಹಾಡು ಅವರಿಗೂ ಹೊಂದುತ್ತದೆ, ಯಾಕೆಂದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಅನ್ನಿಸುವ ವಯಸ್ಸಿನವರ ಹಾಡು ಇದು. ಸುಮ್ನೆ ಖುಷಿಯ ಹಾಡು ಆಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ, ಅಲ್ವಾ?

ಮತ್ತೆ ಬಾಂಬಿನ ಮಾತು ಹಳೇದಾಗಿದೆ ಅಂತ ಯಾರೂ ಅಂದುಕೊಳ್ಳಬೇಡಿ. ಆ ಕ್ಷಿಪಣಿಗಳನ್ನು ತೆಗೆದುಹಾಕಿಸಿದ್ದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1987ರಲ್ಲಿ ಮಾಡಿಕೊಂಡ ಐಎನ್‌ಎಫ್ ಒಪ್ಪಂದ. 2019ರಲ್ಲಿ ಆ ಒಪ್ಪಂದವೇ ಮುರಿದುಬಿತ್ತು. 2022ರಿಂದ ಉಕ್ರೇನ್ ಯುದ್ಧದಲ್ಲಿ ಅಣುಬಾಂಬಿನ ಬೆದರಿಕೆಯ ಮಾತು ಮತ್ತೆ ಕೇಳುತ್ತಿದ್ದೇವೆ.

ಸಂಪಾದಕರೇ, ಇಂಥ ಹಾಡುಗಳ ಬಗ್ಗೆ ಬರೆಸುವಾಗ ಅರ್ಧ ಪುಟ ಜಾಸ್ತಿ ಆದರೂ ಪರವಾಗಿಲ್ಲ, ಹಾಡು ಹುಟ್ಟಿದ ಕಾಲದ ಕಥೆಯನ್ನೂ ಬರೆಸಿ. ಹುಡುಗರು ಓದುತ್ತಾರೆ. ನನ್ನ ಅಣ್ಣನ ಮಗಳಿಗೆ ಮಾನವ ಸರಪಳಿಯ ವಿಷಯ ಹೇಳಿದ್ದಕ್ಕೆ ಅವಳು ರಾತ್ರಿ ಕೂತು ಅದರ ಫೋಟೊ ಎಲ್ಲ ಹುಡುಕಿ ತನ್ನ ಗೆಳತಿಯರ ಗುಂಪಿಗೆ ಕಳಿಸಿದಳು.

ಇಂತಿ,
ನಿಮ್ಮ ಓದುಗ, ಹರಿಹರ