ಹಿಂದಿನ ಪಾರ್ಕಿಂಗ್ ಸೆನ್ಸರ್ ಕೆಟ್ಟಿರುವ ಕಾರನ್ನು ಮಾರಿದ ಬಗ್ಗೆ ದೂರು

ಇವರಿಗೆ,
ಮ್ಯಾನೇಜರ್ ಅವರು,
ಹಳೆ ಕಾರು ಮಾರಾಟ ವಿಭಾಗ,
ರಿಂಗ್ ರಸ್ತೆ ಶಾಖೆ, ಮೈಸೂರು

ವಿಷಯ: ಕೆಟ್ಟ ಸೆನ್ಸರ್ ಮತ್ತು ಒಡೆದು ಅಂಟಿಸಿದ ಬಂಪರ್ ಇರುವ ಕಾರನ್ನು 'ಎಲ್ಲಾ ಸರಿ ಇದೆ' ಎಂದು ಮಾರಿರುವುದು

ಮಾನ್ಯರೇ,

ಎರಡು ತಿಂಗಳ ಹಿಂದೆ ನಿಮ್ಮ ಶಾಖೆಯಲ್ಲಿ 2020ರ ಮಾಡೆಲ್ ಪೆಟ್ರೋಲ್ ಕಾರೊಂದನ್ನು 4,85,000 ರೂಪಾಯಿ ಕೊಟ್ಟು ತೆಗೆದುಕೊಂಡೆ. ಬಿಲ್ ಮತ್ತು ನೀವು ಕೊಟ್ಟ ಚೆಕಿಂಗ್ ಪಟ್ಟಿಯ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಆ ಪಟ್ಟಿಯಲ್ಲಿ 'ರಿವರ್ಸ್ ಸೆನ್ಸರ್', ಅಂದರೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಏನಾದರೂ ಅಡ್ಡ ಇದ್ದರೆ ಕೂಗಿ ಎಚ್ಚರಿಸುವ ಬಂಪರಿನ ಸೆನ್ಸರ್, ಎಂಬುದರ ಮುಂದೆ ಟಿಕ್ ಇದೆ. 'ಆಕ್ಸಿಡೆಂಟ್ ಆಗಿಲ್ಲ' ಎಂಬುದರ ಮುಂದೆಯೂ ಟಿಕ್ ಇದೆ. ಎರಡೂ ನಿಜವಲ್ಲ.

ಮೊದಲು ಗೊತ್ತಾಗಿದ್ದು ಒಂದು ಮಳೆಯ ಸಂಜೆ. ಕುವೆಂಪುನಗರದ ನಮ್ಮ ಕ್ರಾಸಿನಲ್ಲಿ ರಿವರ್ಸ್ ಹಾಕಿದ ತಕ್ಷಣ ಸೆನ್ಸರ್ ಒಂದೇ ಸಮನೆ ಕೂಗಲು ಶುರುವಾಯಿತು. ಇಳಿದು ನೋಡಿದರೆ ಹಿಂದೆ ಖಾಲಿ ರಸ್ತೆ. ಬಿಸಿಲು ಬಂದ ಮೇಲೆ ಇನ್ನೊಂದು ತೊಂದರೆ. ಬಲಗಡೆ ಕಾಂಪೌಂಡ್ ಗೋಡೆ ಒಂದು ಗೇಣು ದೂರ ಇದ್ದರೂ ಸದ್ದೇ ಇಲ್ಲ.

ನಿಮ್ಮಲ್ಲಿಗೆ ಮೂರು ಸಲ ಬಂದೆ. ಮೊದಲ ಸಲ ಧೂಳು ಕೂತಿದೆ ಅಂದು ತೊಳೆದು ಕಳಿಸಿದರು. ಎರಡನೇ ಸಲ ಮಳೆಗಾಲದಲ್ಲಿ ಹೀಗೆಯೇ ಅಂದರು. ಮೂರನೇ ಸಲ ಸರ್ವಿಸ್ ಹುಡುಗ, "ಮೇಡಂ, ನಿಮಗೆ ರಿವರ್ಸ್ ತೆಗೆದು ಅಭ್ಯಾಸ ಇಲ್ಲ ಅನ್ಸುತ್ತೆ" ಅಂದ. ನಾನು ಹನ್ನೊಂದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು.

ಅದಾದ ನಾಲ್ಕನೇ ದಿನ ಪಕ್ಕದ ಮನೆಯ ಮಗು ಮೂರು ಚಕ್ರದ ಸೈಕಲ್ ತಳ್ಳಿಕೊಂಡು ಕಾರಿನ ಬಲಗಡೆ ಹಿಂದಕ್ಕೆ ಬಂತು. ನಾನು ಗೇಟಿನೊಳಗೆ ರಿವರ್ಸ್ ತೆಗೆಯುತ್ತಿದ್ದೆ. ಸೆನ್ಸರ್ ಒಂದು ಸಲವೂ ಕೂಗಲಿಲ್ಲ. ಜಗುಲಿಯಲ್ಲಿದ್ದ ನಮ್ಮ ಅಮ್ಮ ಕಿರುಚಿದ್ದಕ್ಕೆ ಬ್ರೇಕ್ ಒತ್ತಿದೆ. ಮಗುವಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಅರ್ಧ ಗಂಟೆ ನಡುಗುತ್ತಲೇ ಇತ್ತು. ಸೆನ್ಸರ್ ಇದ್ದರೂ ಕನ್ನಡಿ ನೋಡಲೇಬೇಕು, ಒಪ್ಪುತ್ತೇನೆ. ನೋಡಿಯೂ ಇದ್ದೆ. ಅಷ್ಟು ಗಿಡ್ಡ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ. ಸೆನ್ಸರ್ ಇರುವುದೇ ಅಂಥ ಹೊತ್ತಿಗೆ ಅಲ್ವಾ?

ಆಮೇಲೆ ನಾನೇ ಪರೀಕ್ಷೆ ಮಾಡಲು ಕೂತೆ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ರಿವರ್ಸ್ ಗೇರ್ ಹಾಕಿದೆ. ಹಿಂದೆ ಹೋಗಿ ನಾಲ್ಕೂ ಸೆನ್ಸರ್ ಮೇಲೆ ಒಂದೊಂದಾಗಿ ಬೆರಳಿಟ್ಟೆ. ಕೆಲಸ ಮಾಡುವ ಸೆನ್ಸರ್ ಬೆರಳಿಗೆ ಟಿಕ್ ಟಿಕ್ ಅಂತ ಸಣ್ಣಗೆ ಬಡಿಯುತ್ತದೆ. ಕಿವಿ ಹತ್ತಿರ ತಂದರೆ ಕೇಳಿಸುತ್ತದೆ ಕೂಡ. ಎಡಗಡೆಯ ಎರಡು ಚೆನ್ನಾಗಿ ಬಡಿದವು. ಮೂರನೆಯದು ಮಂಕಾಗಿತ್ತು. ಬಲ ತುದಿಯದು ಕಲ್ಲಿನಂತೆ ಸುಮ್ನೆ ಇತ್ತು. ಇದಕ್ಕೆ ಯಾವ ಮೆಷಿನ್ನೂ ಬೇಕಿರಲಿಲ್ಲ. ಎರಡು ನಿಮಿಷದ ಕೆಲಸ. ನಿಮ್ಮವರು ಮೂರು ಸಲದಲ್ಲಿ ಒಮ್ಮೆಯೂ ಮಾಡಲಿಲ್ಲ.

ನಂತರ ಅಗ್ರಹಾರದ ಹತ್ತಿರ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ಬಂಪರ್ ಬಿಚ್ಚಿಸಿದೆ. 600 ರೂಪಾಯಿ ತೆಗೆದುಕೊಂಡರು. ಅವರು ಮೊದಲು ಎಡ ತುದಿಯ ಸೆನ್ಸರನ್ನು ಬಲಕ್ಕೂ, ಬಲದ್ದನ್ನು ಎಡಕ್ಕೂ ಬದಲಿಸಿ ಹಾಕಿದರು. ಬಲಗಡೆ ಸರಿಯಾಗಿ ಕೂಗಿತು, ಎಡಗಡೆ ಸತ್ತಿತು. ಅಂದರೆ ವೈರಿಂಗ್ ತೊಂದರೆ ಅಲ್ಲ, ಸೆನ್ಸರೇ ಹೋಗಿದೆ. ಅದರ ಕನೆಕ್ಟರ್ ಪಿನ್‌ಗಳ ಮೇಲೆ ಹಸಿರು ಪುಡಿ ಕೂತಿತ್ತು, ನೀರು ಒಳಗೆ ಹೋಗಿ ತುಕ್ಕು ಹಿಡಿದ ಗುರುತು. ಅದನ್ನು ಉಜ್ಜಿ ನೋಡಿದರೂ ಸೆನ್ಸರ್ ಏಳಲಿಲ್ಲ.

ಮೂರನೆಯ ಸೆನ್ಸರ್ ಕಥೆ ಬೇರೆ. ಇಂಥ ಸೆನ್ಸರ್ ಕಿವಿಗೆ ಕೇಳದಷ್ಟು ತೀಕ್ಷ್ಣವಾದ ಶಬ್ದ ಬಿಟ್ಟು (ನಮಗೆ ಕೇಳುವ ಟಿಕ್ ಟಿಕ್ ಅದನ್ನು ಬಿಡುವಾಗಿನ ಬಡಿತ ಮಾತ್ರ), ಅದು ಗೋಡೆಗೋ ಮನುಷ್ಯರಿಗೋ ಬಡಿದು ವಾಪಸ್ ಬರಲು ಹಿಡಿಯುವ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಅದಕ್ಕೆ ಸೆನ್ಸರಿನ ಮುಖ ಸಲೀಸಾಗಿ ನಡುಗಬೇಕು. ನನ್ನ ಕಾರಿನ ಮೂರನೆಯ ಸೆನ್ಸರಿನ ಮುಖದ ಮೇಲೆ ಪೇಂಟ್ ದಪ್ಪಗೆ ಕೂತಿದೆ. ಉಗುರಿನಿಂದ ಕೆರೆದರೆ ಅಂಚಿನಲ್ಲಿ ಪದರ ಎದ್ದು ಬರುತ್ತದೆ, ಬಿಳಿಯ ಕೆಳಗೆ ಇನ್ನೊಂದು ಬಿಳಿ. ಸುತ್ತ ಇರಬೇಕಾದ ರಬ್ಬರ್ ರಿಂಗ್ ಕೂಡ ಇಲ್ಲ. ರಬ್ಬರ್ ಇಲ್ಲದಿದ್ದರೆ ನಡುಕ ಬಂಪರಿಗೇ ಹರಿದು, ಏನೂ ಇಲ್ಲದಿದ್ದರೂ ಕೂಗುತ್ತದೆ ಎಂದು ಎಲೆಕ್ಟ್ರಿಷಿಯನ್ ತೋರಿಸಿಕೊಟ್ಟರು.

ಬಂಪರ್ ತಿರುಗಿಸಿ ಇಟ್ಟಾಗ ನನಗೆ ಎಲ್ಲಾ ಅರ್ಥವಾಯಿತು. ಬಲ ಮೂಲೆಯ ಒಳಗಡೆ ಸುಮಾರು ಒಂದೂವರೆ ಅಡಿ ಉದ್ದದ ಬಿರುಕು. ಬಿಸಿ ಮಾಡಿ ಪ್ಲಾಸ್ಟಿಕ್ ಕರಗಿಸಿ ಹೊಲಿಗೆ ಹಾಕಿದ ಹಾಗೆ ಅಂಟಿಸಿದ್ದಾರೆ. ಎರಡು ಕ್ಲಿಪ್ ಮುರಿದಿವೆ, ಅವುಗಳ ಜಾಗದಲ್ಲಿ ತಂತಿ ಕಟ್ಟಿದ್ದಾರೆ. ಈ ಕಾರಿಗೆ ಹಿಂದಿನಿಂದ ಪೆಟ್ಟು ಬಿದ್ದಿದೆ. ಬಿರುಕು ಮುಚ್ಚಲು ಪೇಂಟ್ ಹೊಡೆಯುವಾಗ ಸೆನ್ಸರ್ ಬಿಚ್ಚುವ ಗೋಜಿಗೂ ಹೋಗಿಲ್ಲ. ನನ್ನ ಕೈಗೆ ಬಂದ ಮೇಲೆ ಬಂಪರಿಗೆ ಪೇಂಟ್ ಆಗಿಲ್ಲ, ಕಾರು ಎಲ್ಲೂ ತಾಗಿಲ್ಲ. ಫೋಟೋಗಳನ್ನು ಜೊತೆಗಿಟ್ಟಿದ್ದೇನೆ.

ಹಳೆ ಕಾರು ಅಂದ ಮೇಲೆ ಅಲ್ಪಸ್ವಲ್ಪ ಇರುತ್ತದೆ ಅಂತ ನನಗೂ ಗೊತ್ತು. ಸೀಟ್ ಬಟ್ಟೆ ಸವೆದಿದ್ದಕ್ಕೆ, ಒಂದು ಟೈರ್ ಜಾಸ್ತಿ ಸವೆದಿದ್ದಕ್ಕೆ ನಾನು ಒಂದು ಮಾತೂ ಆಡಲಿಲ್ಲ. ಕಣ್ಣಿಗೆ ಕಂಡಿತ್ತು, ಒಪ್ಪಿ ತೆಗೆದುಕೊಂಡೆ. ಪೆಟ್ಟು ಬಿದ್ದಿದ್ದನ್ನು ಮುಚ್ಚಿಟ್ಟಿರಿ, ಅದನ್ನು ಒಪ್ಪಲಾರೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸದಾಗಿ ತಯಾರಾಗುವ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಇವುಗಳ ಜೊತೆಗೇ ಬಂದ ನಿಯಮ ಅದು. ಸುರಕ್ಷತೆಗೆ ಕೊಟ್ಟ ಸಾಮಾನು, ಅಂದಕ್ಕೆ ಹಾಕಿಸಿದ್ದಲ್ಲ.

ನಾನು ಕೇಳುವುದು ಇಷ್ಟು. ಕೆಟ್ಟಿರುವ ಎರಡೂ ಸೆನ್ಸರ್‌ಗಳನ್ನು ಕಂಪನಿ ಸಾಮಾನಿನಲ್ಲೇ ಬದಲಿಸಿ, ರಬ್ಬರ್ ರಿಂಗ್ ಮತ್ತು ಕನೆಕ್ಟರ್ ಹೊಸದು ಹಾಕಿಕೊಡಿ. ಒಡೆದ ಬಂಪರ್ ಬದಲಿಸಿ. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಹಿಂದಿನ ಚಾಸಿಗೆ ಪೆಟ್ಟು ತಾಗಿದೆಯೇ ಎಂದು ನನ್ನೆದುರೇ ನೋಡಿ. ಈ ಕಾರಿಗೆ ಯಾವಾಗ, ಹೇಗೆ ಪೆಟ್ಟು ಬಿತ್ತು, ರಿಪೇರಿ ಎಲ್ಲಿ ಆಯಿತು ಎಂಬುದನ್ನು ಬರವಣಿಗೆಯಲ್ಲಿ ಕೊಡಿ. ಎಲೆಕ್ಟ್ರಿಷಿಯನ್‌ಗೆ ಕೊಟ್ಟ 600 ರೂಪಾಯಿ ವಾಪಸ್ ಮಾಡಿ, ರಸೀದಿ ಇದರಲ್ಲೇ ಇದೆ.

ಈ ಪತ್ರ ಕೈಸೇರಿದ 15 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದೊಳಗೆ ಇರುವುದರಿಂದ ಅಲ್ಲಿ ಶುಲ್ಕವೂ ಇಲ್ಲ. ಆದರೆ ನನಗೆ ಅಲೆದಾಟ ಬೇಕಿಲ್ಲ. ಕಾರು ಸರಿಯಾಗಬೇಕು, ಅಷ್ಟೇ.

ಅಲ್ಲಿಯವರೆಗೆ ಕಾರನ್ನು ಗೇಟಿನೊಳಗೆ ಹಾಕುತ್ತಿಲ್ಲ, ರಸ್ತೆಯಲ್ಲೇ ನಿಲ್ಲಿಸುತ್ತಿದ್ದೇನೆ. ನಿಮ್ಮವರು ನೋಡಲು ಬರುವುದಾದರೆ ಶನಿವಾರ ಮಧ್ಯಾಹ್ನ ಎರಡರ ಮೇಲೆ ಬರಲಿ, ಮನೆಯಲ್ಲಿ ಇರುತ್ತೇನೆ. ನನ್ನ ಫೋನ್ ನಂಬರ್ ಬಿಲ್ ಮೇಲಿದೆ.

ಇಂತಿ,
ನಿಮ್ಮ ಗ್ರಾಹಕಿ,
ಕುವೆಂಪುನಗರ, ಮೈಸೂರು