ಶಿಥಿಲ ಅಂತ ನೋಟಿಸ್ ಹಚ್ಚಿ ವಯಸ್ಸಾದ ಬಾಡಿಗಿದಾರರನ್ನ ಹೊರಗ ಹಾಕೋದು ನಿಲ್ಲಿಸಲು ಮನವಿ

ಗೆ,
ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ಬೆಳಗಾವಿ

ಇಂದ,
ವಡಗಾವಿಯ ನಮ್ಮ ಓಣಿಯ ರಹವಾಸಿಗಳು, ಬೆಳಗಾವಿ

ಮಾನ್ಯರೇ,

ಮೇಲ್ಕಂಡ ವಿಷಯದ ಬಗ್ಗೆ ಇದು ನಮ್ಮ ಆರನೇ ಅರ್ಜಿ. ಹಿಂದಿನ ಐದೂ ಅರ್ಜಿಯ ಇನ್ವರ್ಡ್ ನಂಬರ್ ನಮ್ಮ ಕಡೆ ಅದಾವು, ನಿಮ್ಮ ಕಡೆ ಮಾತ್ರ ಅರ್ಜಿನೇ ಸಿಗವಲ್ದು.

ನಮ್ಮ ಓಣಿಯ ಹಳೇ ಚಾಳದಾಗ ನಾಕು ಮನಿ, ಇರೋರೆಲ್ಲಾ 65 ದಾಟಿದವರು. ಕಡೀ ಮನಿ ಅಜ್ಜಿಗೆ 78. ನೇಕಾರರ ಮನಿಯಾಗ ನಲವತ್ತು ವರ್ಷ ಕಂಡಿಕಿಗೆ ನೂಲು ಸುತ್ತಿದ ಕೈ ಅದು, ಈಗ ಬೆರಳು ಪೂರಾ ಮಡಚಂಗಿಲ್ಲ. ಮಾಲಕರಿಗೆ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟೋದೈತಿ, ಕೋರ್ಟಿಗೆ ಹೋದ್ರ ವರ್ಷಗಟ್ಟಲೆ ಹಿಡೀತೈತಿ ಅಂತ ನಿಮ್ಮ ಕಚೇರಿ ದಾರಿ ಹಿಡದ್ರು. ನಿಮ್ಮ ಇಂಜಿನಿಯರ್ ಸಾಹೇಬ್ರು ಬೈಕಿನಿಂದ ಇಳೀಲಾರದನ ಗ್ವಾಡಿ ನೋಡಿ ಹೋದ್ರು, ಎಂಟ ದಿನಕ್ಕ 'ಕಟ್ಟಡ ಶಿಥಿಲ, ಕೂಡಲೇ ತೆರವು ಮಾಡಿ' ಅಂತ ಬಾಗಲಿಗೆ ನೋಟಿಸ್ ಬಂತು. ಒಳಗ ಬಂದು ಒಂದು ತೊಲಿ ಮುಟ್ಟಿ ನೋಡಿಲ್ಲ. 2019ರ ಆಗಸ್ಟ್ ಮಳಿಗೆ ಜಿಲ್ಲಾದಾಗ ಸಾಲುಸಾಲು ಮನಿ ಬಿದ್ದಾಗ ಈ ಗ್ವಾಡಿ ಅಲುಗಿಲ್ಲ ಸಾಹೇಬ್ರ, ಖರೇನ ಬೀಳೋ ಹಂಗಿದ್ರ ಆ ಅಜ್ಜಿನ್ನ ನಾವ ಹೊರಗ ಕರಕೊಂಡು ಬರ್ತಿದ್ವಿ, ನಿಮ್ಮ ನೋಟಿಸ್ ಬೇಕಾಗಿರಲಿಲ್ಲ.

ನೋಟಿಸ್ ಆದ ಮರುವಾರ ನಳ ಕಟ್. ಜೂನ್ ಮಳಿ ಹಿಡಿಯೋ ಹೊತ್ತಿಗೆ ಮಾಲಕರು ರಿಪೇರಿ ಅಂತ ಹೇಳಿ ಹಂಚು ಇಳಿಸಿದ್ರು, ಇಳಿಸಿದ ಹಂಚು ಇವತ್ತಿನ ತನಕ ಮ್ಯಾಲ ಏರಿಲ್ಲ. ಅಜ್ಜಿ ತಾಡಪಾಲ ಕಟಗೊಂಡು, ಹಾಸಿಗಿ ಸುತ್ತಿ ಟ್ರಂಕ್ ಮ್ಯಾಲ ಇಟ್ಟು, ಅದರ ಮ್ಯಾಲ ಕುಂತು ಇಡೀ ರಾತ್ರಿ ಕಳದಾರ. ಮುಂಜಾನೆ ನಾವು ಹೋಗಿ ನೋಡಿದ್ರ ರೇಷನ್ ಅಕ್ಕಿ ತೋದು ನಾತ ಹಿಡದಿತ್ತು, ಅದನ್ನ ಬಿಸಲಿಲ್ಲದ ಅಂಗಳದಾಗ ಹರವಾಕ ಹತ್ತಿದ್ರು.

ಮೊದಲನೇ ಅರ್ಜಿ ಕೊಟ್ಟಾಗ ಇದು ಖಾಸಗಿ ವ್ಯವಹಾರ, ಕೋರ್ಟಿಗೆ ಹೋಗ್ರಿ ಅಂದ್ರಿ. ಖಾಸಗಿ ಇದ್ರ ನೋಟಿಸ್ ಮ್ಯಾಲ ಸಿಕ್ಕಾ ಯಾರದ್ರೀ? ಎರಡನೇದಕ್ಕ ನಳದ ವಿಚಾರ ನಮಗ ಸಂಬಂಧಿಲ್ಲ ಅಂದ್ರಿ, ನೀವು ಹೇಳಿದ ಕಡೆ ಹೋದ್ರ ಅಲ್ಲಿಯವರು ತಿರುಗಿ ನಿಮ್ಮ ಕಡೆನ ಕಳಿಸಿದ್ರು, ಮೂರನೇದಕ್ಕ ಇಂಜಿನಿಯರ್ ರಜಾ. ನಾಲ್ಕನೇದು ಡಿಸೆಂಬರದಾಗ ಕೊಟ್ವಿ, ಅಧಿವೇಶನ ಮುಗೀಲಿ ಅಂದ್ರಿ, ಸುವರ್ಣ ವಿಧಾನಸೌಧದ ಕಡೆ ಹೋಗೋ ರಸ್ತಾ ಕನ್ನಡಿ ಗತೆ ಆದ್ವು, ಅಧಿವೇಶನ ಮುಗದು ಎಲ್ಲಾರೂ ಬೆಂಗಳೂರಿಗೆ ಹೋದ್ರು, ನಮ್ಮ ಅರ್ಜಿ ಅಲ್ಲೇ ಉಳೀತು. ಐದನೇದನ್ನ ಆನ್‌ಲೈನ್ ಹಾಕಿದ್ವಿ. ಮೂರು ದಿನಕ್ಕ 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂತು. ಆ ಮೆಸೇಜ್ ಓದೂ ಮುಂದ ಅಜ್ಜಿ ಬಾಜೂ ಓಣಿಯಿಂದ ಕೊಡ ಹೊತಗೊಂಡು ಬರ್ತಿದ್ರು. ಏನು ಪರಿಹರಿಸಿದ್ರಿ, ಯಾರಿಗೆ ಪರಿಹರಿಸಿದ್ರಿ, ದಯವಿಟ್ಟು ತಿಳಸ್ರಿ.

ಮಾಲಕರ ಮ್ಯಾಲ ನಮಗ ಹಗೆತನ ಇಲ್ಲ. 800 ರೂಪಾಯಿ ಬಾಡಿಗಿ ಈಗಿನ ಕಾಲಕ್ಕ ಕಮ್ಮಿ ಅಂತ ನಾವೂ ಒಪ್ಪತೀವಿ, ಹೆಚ್ಚು ಮಾಡಾಕ ಬಾಡಿಗಿದಾರರೂ ತಯಾರದಾರ. ಆದ್ರ ಇಷ್ಟು ಸಣ್ಣ ಬಾಡಿಗಿ ಮನಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಒಳಗ ಬರ್ತಾವು, ಕಾರಣ ತೋರಿಸಿ ಕೋರ್ಟಿನ ಆದೇಶ ತರಲಾರದ ಬಿಡಸಾಕ ಬರಂಗಿಲ್ಲ, ನೀರು ಲೈಟು ಬಂದ್ ಮಾಡಾಕೂ ಬರಂಗಿಲ್ಲ. ಅದ ಕಾಯ್ದೆದಾಗ ಮಾಲಕರಿಗೆ 65 ಆಗಿದ್ರ ಮನಿ ಲಗೂನ ವಾಪಸ್ ಕೇಳೋ ಹಕ್ಕೈತಿ, ಬಾಡಿಗಿದಾರರಿಗೆ 78 ಆಗಿದ್ರ ಏನೂ ಇಲ್ಲ. ಮಕ್ಕಳು ಹೊರಗ ಹಾಕಿದ್ರ 2007ರ ಹಿರಿಯ ನಾಗರಿಕರ ಕಾಯ್ದೆ ಹಿಡಕೊಂಡು ಎಸಿ (ಉಪವಿಭಾಗಾಧಿಕಾರಿ) ಸಾಹೇಬ್ರ ಕಡೆ ಹೋಗಬೌದು, ಮಕ್ಕಳ ಇಲ್ಲದ ಅಜ್ಜಿ ಎಲ್ಲಿ ಹೋಗಬೇಕ್ರೀ? ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ ಬರ್ತೈತಿ. ನಾವೂ ಜೋಡಿ ಹೋಗಿ ಒಂಬತ್ತು ಮನಿ ಕೇಳೀವಿ. ಡಿಪಾಜಿಟ್ ಮಾತ ಬ್ಯಾರೆ, ಬಾಗಲದಾಗ ನಿಂತಾಗನ 'ಒಬ್ಬಾಕೀನ ಏನು, ನಾಳೆ ಏನರ ಹೆಚ್ಚುಕಮ್ಮಿ ಆದ್ರ ಜವಾಬ್ದಾರಿ ಯಾರು' ಅಂತ ಅಜ್ಜಿ ಎದುರಿಗೇ ಕೇಳ್ತಾರ.

ಇದರ ಜೋಡಿ ಓಣಿಯ ಗಟಾರ ತುಂಬಿ ಹೊಳ್ಳಿ ಮನಿಯಾಗ ಬರಾಕತ್ತೈತಿ, ಎರಡು ಬೀದಿ ದೀಪ ಗಣಪತಿ ಹಬ್ಬದಿಂದ ಹತ್ತಿಲ್ಲ, ಕಸದ ಗಾಡಿ ಬಂದ್ರ ಬಂತು ಇಲ್ಲಾಂದ್ರ ಇಲ್ಲ, ನಮ್ಮ ಊರಿನ ಬಳ್ಳಾರಿ ನಾಲಾದ ಹೂಳಿನ ಸುದ್ದಿ ಹೇಳಾಕ ಬ್ಯಾರೆ ಅರ್ಜಿನ ಬೇಕು. ಊರಾಗ ಕೆಲವು ವಾರ್ಡಿಗೆ 24 ತಾಸು ನೀರು, ನಮ್ಮ ಚಾಳಿಗೆ ಒಂದು ತಾಸೂ ಇಲ್ಲ. ಮನಿ ಪಟ್ಟಿ (ತೆರಿಗೆ) ಮಾತ್ರ ತಪ್ಪಂಗಿಲ್ಲ.

ನಾವು ಕೇಳೋದು ಇಷ್ಟ. ಆ ನೋಟಿಸ್ ತಡೀರಿ. ಬ್ಯಾರೆ ಇಂಜಿನಿಯರ್ ಕಳಿಸಿ ಬಾಡಿಗಿದಾರರ ಎದುರಿಗೆ ಒಳಗ ಹೊಕ್ಕು ಪರೀಕ್ಷೆ ಮಾಡಸ್ರಿ, ವರದಿಯ ಕಾಪಿ ಅವರಿಗೂ ಕೊಡ್ರಿ. ನಳ ಮೊದಲ ಜೋಡಸ್ರಿ. ಖರೇನ ಶಿಥಿಲ ಅಂತ ಬಂದ್ರ ಇರಾಕ ಜಾಗಾ ತೋರಿಸಿದ ಮ್ಯಾಲನ ತೆರವು ಮಾಡಸ್ರಿ, ಅಲ್ಲಿ ಮಟಾ ಆ ಜಾಗಾಕ್ಕ ಹೊಸಾ ಕಟ್ಟಡದ ಪರವಾನಗಿ ಕೊಡಬ್ಯಾಡ್ರಿ.

ಉತ್ತರ ಲಿಖಿತ ರೂಪದಾಗ ಬೇಕು, ಬಾಯಿಮಾತು ಸಾಕಾಗೇತಿ. ಹದಿನೈದು ದಿನದಾಗ ಬರದಿದ್ರ ನಾಕೂ ಮನಿ ಹಿರಿಯರನ್ನ ಕರಕೊಂಡು ಬಂದು ನಿಮ್ಮ ಕಚೇರಿ ಮೆಟ್ಟಲ ಮ್ಯಾಲ ಕುಂದರತೀವಿ. ಅಜ್ಜಿಯ ಟ್ರಂಕೂ ತರ್ತೀವಿ.

ಇಂತಿ ತಮ್ಮ ವಿಶ್ವಾಸಿಗಳು,
ಚಾಳದ ಬಾಡಿಗಿದಾರರು ಹಾಗೂ ಓಣಿಯ ರಹವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟು ಹಿಂದಿನ ಪುಟದಲ್ಲಿ)